ಮೈಸೂರಿನಲ್ಲಿಲ್ಲದ ಗಂಡು

ಪೆರಿಕ್ಕಲ್ಲೂರು ಕಡವು, ಮುಳ್ಳನ್‌ಕೊಲ್ಲಿ
೮ ಸೆಪ್ಟೆಂಬರ್ ೨೦೨೫

ಚಿ. ಮಹದೇವನಿಗೆ ಅಕ್ಕನ ಆಶೀರ್ವಾದ. ಮನಸ್ಸಿನಿಂದ ಬಂದದ್ದಲ್ಲ, ಕಾಗದ ಶುರು ಮಾಡಲು ಬೇರೆ ದಾರಿ ಗೊತ್ತಿಲ್ಲದೆ ಬರೆದದ್ದು.

ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತುವುದಿಲ್ಲ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಆಡಿರುತ್ತೀಯ. ಕಾಗದವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ದೋಣಿಯ ಅಯ್ಯಪ್ಪನ್ ಹೇಗೂ ನನ್ನ ಅಂಗಡಿಯಲ್ಲಿ ಚಹಾ ಕುಡಿದೇ ಹೊಳೆ ದಾಟುವುದು, ಬೈರಕುಪ್ಪೆಯಲ್ಲಿ ನಿನ್ನ ಗೊಬ್ಬರದಂಗಡಿ ಅವನಿಗೆ ಗೊತ್ತು. ಉತ್ತರ ಬರೆಯುವುದಾದರೆ ಅವನ ಕೈಯಲ್ಲೇ ಕೊಡು.

ಓಣಂ ಪಂದ್ಯದ ವಿಷಯಕ್ಕೆ ಬರುತ್ತೇನೆ. ಊರಿನ ವಾಚನಾಲಯ, ಈ ವಾಯನಶಾಲೆಯ ಅಂಗಳದಲ್ಲಿ ಇಸ್ಪೀಟಿನ ಇಪ್ಪತ್ತೆಂಟು ಆಡಲು ಹೆಂಗಸೊಬ್ಬಳು ಬಂದು ಕೂತದ್ದು ಮೊದಮೊದಲು ಇಲ್ಲಿಯ ಗಂಡಸರಿಗೆ ಹಿಡಿಸಿರಲಿಲ್ಲ. ಗೀತಾಳ ಅಪ್ಪ ಹೋದ ಮೇಲೆ ಭಾನುವಾರದ ಮಧ್ಯಾಹ್ನ ಕಳೆಯಲು ನನಗೆ ಇದ್ದದ್ದು ಅದೊಂದೇ, ಬಿಡದೆ ಕೂತೆ. ಕೂತು ಕೂತು ಒಂದು ಹೆಸರು ಸಂಪಾದಿಸಿದೆ. ಸರೋಜಮ್ಮ ಇಷ್ಟು ಅಂಕ ಹಿಡಿಯುತ್ತೇನೆಂದು ಕೂಗಿದರೆ ಕೈಯಲ್ಲಿ ಎಲ್ಲಕ್ಕೂ ಮೇಲಿನ ಎಲೆ ಗುಲಾಮ ಇದ್ದೇ ಇದೆ ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ಆ ಹೆಸರಿನ ಎದುರು ನನ್ನ ಜೊತೆಗಾರನಾಗಿ ಕೂತು ನೀನು ಇಪ್ಪತ್ತನಾಲ್ಕು ಕೂಗಿದೆ. ಅಷ್ಟು ಕೂಗುವವನ ಕೈ ತುಂಬಿರುತ್ತದೆ ಎಂದು ನಂಬಿ ನನ್ನ ಎಕ್ಕ, ಹತ್ತು ಎಲ್ಲ ನಿನ್ನ ಎಲೆಗಳ ಮೇಲೆ ಸುರಿದೆ. ಆಮೇಲೆ ನೋಡಿದರೆ ನಿನ್ನ ಹತ್ತಿರ ಇದ್ದದ್ದು ಒಂದೇ ಒಂದು ಗುಲಾಮ, ಮಿಕ್ಕದ್ದೆಲ್ಲ ಏಳು, ಎಂಟು. ಚೇಕಾಡಿಯ ಶ್ರೀಧರನ್ ಎಲ್ಲವನ್ನೂ ಬಾಚಿಕೊಂಡು ಹೋದ. ಎಲೆ ಹಂಚಿದ ಮೇಲೆ ಜೊತೆಗಾರನ ಕೂಗಿಗೆ ಬೇಡ ಅನ್ನಬಾರದು, ಮುಖದಲ್ಲೂ ತೋರಿಸಬಾರದು, ಅದಕ್ಕೆ ಹಲ್ಲು ಕಚ್ಚಿ ಕೂತಿದ್ದೆ. ಕೊನೆಗೆ ಸೋತವರ ಕಿವಿಗೆ ಸಿಕ್ಕಿಸುವ ಕುಣುಕ್ಕು, ಆ ಹಲಸಿನ ಎಲೆಯ ಓಲೆ, ಅದನ್ನು ಹಾಕಿಕೊಂಡು ಇಡೀ ಊರಿನ ಮುಂದೆ ಪಾಯಸ ಕುಡಿದೆ. ನೀನು ಕುಣುಕ್ಕು ಹಾಕಿಕೊಂಡೇ ಸೆಲ್ಫಿ ತೆಗೆದೆ.

ಎದುರಿಗೆ ಕೂತವಳು ಜೊತೆಗಾರ್ತಿ, ಶತ್ರುವಲ್ಲ ಎಂದು ಈ ವಯಸ್ಸಿನಲ್ಲಿ ನಿನಗೆ ಹೇಳಿಕೊಡಬೇಕೇ?

ಇನ್ನೊಂದು. ಅದೇ ಶ್ರೀಧರನ್ ಮತ್ತು ಅವನ ಹೆಂಡತಿ ಅಮ್ಮಿಣಿ ಮುಂದಿನ ತಿಂಗಳು ನಮ್ಮ ಗೀತಾಂಜಲಿಯನ್ನು ಮಗನಿಗೆ ಕೇಳಲು ಬರುತ್ತಾರೆ. ಹುಡುಗ ಸನೀಶ್, ಇವಳು ಕೆಲಸ ಮಾಡುವ ಹಾಲಿನ ಸೊಸೈಟಿಗೆ ವ್ಯಾನು ಓಡಿಸುವವನು. ಇಬ್ಬರಿಗೂ ಮನಸ್ಸಿದೆ. ಅಪ್ಪ ಇಲ್ಲದ ಹುಡುಗಿ, ನನ್ನನ್ನು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ನಾಳೆ ಧಾರೆ ಎರೆದು ಕೊಡಬೇಕಾದ ಸೋದರಮಾವ ನೀನು, ಬರಲೇಬೇಕು. ಒಗೆದ ಪಂಚೆ ಉಟ್ಟು ಬಾ, ಊಟ ಮಾಡು, ಕೇಳಿದ್ದಕ್ಕೆ ಹೂಂ ಅನ್ನು.

ನಿನ್ನ ಮೇಲೆ ಇನ್ನೂ ಕೋಪ ಇಳಿಯದ,
ಸರೋಜ


ಬೈರಕುಪ್ಪೆ
೧೩ ಸೆಪ್ಟೆಂಬರ್ ೨೦೨೫

ಪೂಜ್ಯ ಅಕ್ಕನಿಗೆ ಮಹದೇವಪ್ಪನ ಸಾಷ್ಟಾಂಗ.

ಬಂದೇ ಬರುತ್ತೇನೆ. ಹೊಸ ಪಂಚೆಯನ್ನೇ ಉಟ್ಟು ಬರುತ್ತೇನೆ. ಗೀತಾಳ ಕೆಲಸಕ್ಕೆ ನನ್ನನ್ನು ಕರೆಯಬೇಕೇ?

ಆದರೆ ಆಟದ ವಿಷಯದಲ್ಲಿ ನೀನು ನನ್ನನ್ನು ಬೈದದ್ದು ಅನ್ಯಾಯ. ನಾನು ಸುಮ್ಮನೆ ಕೂಗಿದ್ದಲ್ಲ, ಅದಕ್ಕೊಂದು ಶಾಸ್ತ್ರವಿದೆ. ಮಳೆಗಾಲದಲ್ಲಿ ಅಂಗಡಿಗೆ ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ಪೋಕರ್ ಕಲಿತೆ. ದುಡ್ಡಿಟ್ಟು ಆಡುವುದಲ್ಲ, ಬರೀ ಬೊಂಬೆ ಬಿಲ್ಲೆಗಳ ಆಟ, ಗಾಬರಿಯಾಗಬೇಡ. ಅದರ ಮೊದಲ ಪಾಠ ಏನು ಗೊತ್ತೇ? ಬಂದ ಎಲೆಯನ್ನೆಲ್ಲ ಆಡಬಾರದು. ಬಹಳ ಸಲ ಎಲೆ ಮಡಚಿಟ್ಟು ಸುಮ್ಮನಿರಬೇಕು. ಆಡುವ ಕೆಲವನ್ನು ಮಾತ್ರ ಜೋರಾಗಿ ಆಡಬೇಕು, ಹಿಂಜರಿದು ಆಡಿದರೆ ಒಳ್ಳೆಯ ಎಲೆಯೂ ಹಾಳು. ಎರಡನೆಯದು, ಕೊನೆಗೆ ಮಾತಾಡುವವನಿಗೆ ಲಾಭ, ಯಾಕೆಂದರೆ ಅಷ್ಟರಲ್ಲಿ ಉಳಿದವರ ಮನಸ್ಸು ತಿಳಿದಿರುತ್ತದೆ. ಎಲೆಗಿಂತ ಮುಖ ನೋಡಬೇಕು. ಎದುರಿನವನು ಅಳುಕಿದ ಅಂತ ಕಂಡರೆ ಆಗಲೇ ಏರಿಸಬೇಕು, ಕೈ ಬರಿದಾಗಿದ್ದರೂ ಸರಿ. ಅವನು ಹೆದರಿ ಎಲೆ ಮಡಚುತ್ತಾನೆ. ಅದೇ ಬ್ಲಫ್.

ನಿನ್ನಂಥವರನ್ನು ಅಲ್ಲಿ ಬಿಗಿ ಆಟಗಾರರು ಅನ್ನುತ್ತಾರೆ. ಎಲೆ ಇಲ್ಲದೆ ಬಾಯಿ ಬಿಡುವವರಲ್ಲ. ಒಳ್ಳೆಯದೇ. ಆದರೆ ನೀನು ಬಾಯಿಬಿಟ್ಟ ಕೂಡಲೇ ಎಲ್ಲರೂ ಎಚ್ಚರವಾಗುತ್ತಾರೆ, ನಿನ್ನ ಒಳ್ಳೆಯ ಎಲೆಗೆ ಬೆಲೆ ಬರುವುದಿಲ್ಲ. ನಡುನಡುವೆ ಒಂದು ಸುಳ್ಳು ಬೆರೆಸುತ್ತಿರಬೇಕು ಅಕ್ಕ. ಶ್ರೀಧರನ್ ಅಂತೂ ಬಿಗಿಯೂ ಹೌದು, ಅಂಜುಬುರುಕನೂ ಹೌದು. ಅಂಥವನನ್ನು ಆಟದಿಂದ ಎಬ್ಬಿಸುವುದು ಸುಲಭ. ಓಣಂ ದಿನ ಅವನ ಕೈಗೆ ಎಲೆ ತುಂಬಿ ಬಂದಿತ್ತು, ಅದು ನನ್ನ ಗ್ರಹಚಾರ ಅಷ್ಟೆ.

ನಿನ್ನ ಕೋಪಕ್ಕೂ ಪ್ರೀತಿಗೂ ಒಬ್ಬನೇ ವಾರಸುದಾರ,
ಮಾದೇವ


ಪೆರಿಕ್ಕಲ್ಲೂರು ಕಡವು
೧೭ ಅಕ್ಟೋಬರ್ ೨೦೨೫

ಮಹದೇವ,

ಈ ಸಲ ಆಶೀರ್ವಾದ ಇಲ್ಲ.

ಭಾನುವಾರ ನಡೆದದ್ದನ್ನು ನಿನಗೇ ಬರೆದು ತಿಳಿಸುವ ಸ್ಥಿತಿ ನನಗೆ ಬಂದಿದೆ, ಯಾಕೆಂದರೆ ನೀನು ಏನು ಮಾಡಿದೆ ಎಂದು ನಿನಗೇ ಗೊತ್ತಾದಂತೆ ಕಾಣಲಿಲ್ಲ. ಹೊಟ್ಟೆ ತುಂಬ ಉಂಡು, ದೋಣಿ ಹತ್ತುವಾಗ ನನ್ನ ಕಡೆ ನೋಡಿ ಕಣ್ಣು ಹೊಡೆದೆ.

ಎಲ್ಲವೂ ಸರಿಯಾಗಿತ್ತು. ಅಮ್ಮಿಣಿ ಗೀತಾಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಕೊಯ್ಲು ಮುಗಿಯಲಿ, ತೃಶ್ಶಿಲೇರಿಯಲ್ಲಿರುವ ದೊಡ್ಡಣ್ಣನನ್ನೂ ಒಂದು ಮಾತು ಕೇಳಿ ದಿನ ನೋಡೋಣ ಎಂದು ಶ್ರೀಧರನ್ ಹೇಳಿದ. ಅಷ್ಟೇ ಅವನು ಹೇಳಿದ್ದು. ಆ ಮನೆಯವರು ಒಂದು ಎಮ್ಮೆ ಕೊಳ್ಳುವಾಗಲೂ ದೊಡ್ಡಣ್ಣನನ್ನು ಕೇಳುತ್ತಾರೆ, ಅದು ಅವರ ನಡತೆ. ಅದರಲ್ಲಿ ನಿನಗೆ ಅಳುಕು ಎಲ್ಲಿ ಕಂಡಿತೋ ದೇವರಿಗೇ ಗೊತ್ತು. ವೀಳ್ಯದೆಲೆಗೆ ಸುಣ್ಣ ಸವರುತ್ತ ನೀನು ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ನಿಧಾನಕ್ಕೇ ಯೋಚ್ನೆ ಮಾಡಿ ಶ್ರೀಧರಣ್ಣ. ಮೈಸೂರಿಂದ ಒಂದು ಗಂಡು ಕೇಳ್ಕೊಂಡು ಬಂದದೆ, ಡಾಕ್ಟ್ರು. ಬರೋ ಭಾನ್ವಾರದೊಳ್ಗೆ ಅವ್ರಿಗೆ ಏನಾರ ಒಂದು ಹೇಳ್ಬೇಕಲ್ಲ."

ಮೈಸೂರಿನಲ್ಲಿ ನಮಗೆ ಗೊತ್ತಿರುವ ಡಾಕ್ಟರು ಒಬ್ಬನೇ, ನನ್ನ ಮಂಡಿ ನೋಡುವವನು. ಅವನಿಗೆ ಮೊಮ್ಮಕ್ಕಳಿದ್ದಾರೆ.

ನಾನು ತಟ್ಟೆ ಹಿಡಿದು ನಿಂತಿದ್ದೆ. ಆಗಲೇ ಅಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಜೊತೆಗಾರನ ಕೂಗಿಗೆ ಎದುರಾಡಬಾರದು ಎನ್ನುವುದು ನನ್ನ ಮೈಯಲ್ಲಿ ಸೇರಿಹೋಗಿದೆ, ಹಾಳಾದ್ದು, ಮಗಳ ಮದುವೆಯ ಮಾತಿನಲ್ಲೂ ಅದೇ ನನ್ನ ಬಾಯಿ ಕಟ್ಟಿತು. ಶ್ರೀಧರನ್ ನನ್ನ ಮುಖ ನೋಡಿದ. ನಾನು ಸುಮ್ಮನಿದ್ದದ್ದನ್ನು ನೋಡಿ, ಒಳ್ಳೆಯದಾಗಲಿ ಎಂದು ಗೀತಾಳ ತಲೆ ಮುಟ್ಟಿ ಎದ್ದುಹೋದ.

ನೀನು ಹೇಳಿದ ಭಾನುವಾರಕ್ಕೆ ಅವರು ಕಾಯಲೂ ಇಲ್ಲ. ಇವತ್ತು ಬೆಳಿಗ್ಗೆ ಸನೀಶನ ಹಾಲಿನ ವ್ಯಾನು ಅಂಗಡಿಯ ಮುಂದೆ ನಿಂತಿತು. ಅರ್ಧ ಮೂಟೆ ಗಂಧಕಸಾಲೆ ಅಕ್ಕಿ ಇಳಿಸಿದ. ಮದುವೆಯ ಊಟಕ್ಕಂತೆ, ಮೈಸೂರಿನವರಿಗೂ ಚೇಕಾಡಿಯ ಅಕ್ಕಿಯ ಘಮ ತಿಳಿಯಲಿ ಎಂದು ಅವನ ಅಪ್ಪ ಕಳಿಸಿದ್ದಂತೆ. ಗೀತಾ ಬಾಗಿಲಲ್ಲೇ ನಿಂತಿದ್ದಳು. ಅವಳ ಕಡೆ ನೋಡದೆ ವ್ಯಾನು ಹತ್ತಿದ. ಆ ಅಕ್ಕಿ ಈಗ ಅಂಗಡಿಯ ಮೂಲೆಯಲ್ಲಿದೆ, ಇಡೀ ಮನೆ ಘಮಘಮ ಅನ್ನುತ್ತಿದೆ.

ಏನು ಮಾಡುತ್ತೀಯೋ ಮಾಡು.
ಸರೋಜ


ಬೈರಕುಪ್ಪೆ
೨೧ ಅಕ್ಟೋಬರ್ ೨೦೨೫

ಅಕ್ಕಾ,

ನೀನು ಆತುರಪಡಬೇಡ. ಅಕ್ಕಿ ಕಳಿಸಿದ್ದಾನೆ ಅಂದರೆ ಅವನು ಆಟ ಬಿಟ್ಟು ಎದ್ದಿಲ್ಲ ಅಂತಲೇ ಅರ್ಥ. ಪೋಕರಿನಲ್ಲಿ ಇದಕ್ಕೂ ಒಂದು ವರಸೆ ಇದೆ. ಒಳ್ಳೆಯ ಎಲೆ ಇಟ್ಟುಕೊಂಡು ಏನೂ ಇಲ್ಲದವನ ಹಾಗೆ ಮೆತ್ತಗೆ ಆಡುವುದು, ಎದುರಿನವನೇ ಬಾಯಿಬಿಡಲಿ ಎಂದು ಕಾಯುವುದು. ಶ್ರೀಧರನ್ ಅದನ್ನೇ ಮಾಡುತ್ತಿದ್ದಾನೆ. ಮಗನ ಕೈಯಲ್ಲೇ ಅಕ್ಕಿ ಕಳಿಸಿದ್ದು ಯಾಕೆ? ನಿಮ್ಮ ಮುಖ ನೋಡಿಕೊಂಡು ಬರಲಿ ಅಂತ.

ಈಗ ನೀನು ಹೋಗಿ ಮೈಸೂರೂ ಇಲ್ಲ, ಡಾಕ್ಟರೂ ಇಲ್ಲ ಅಂದರೆ ನಮ್ಮ ಕೈ ಬರಿದು ಎಂದು ತಿಳಿದುಹೋಗುತ್ತದೆ, ನಾಳೆ ಆ ಮನೆಯಲ್ಲಿ ಗೀತಾಳಿಗೆ ತೂಕ ಇರುವುದಿಲ್ಲ. ನಾನು ಆ ಮಾತು ಅಂದದ್ದು ಅದಕ್ಕೇ. ಅವಳನ್ನು ಬೇಕಾದರೆ ಆದೀತು, ಬೇಡದಿದ್ದರೆ ಹೋದೀತು ಎನ್ನುವ ಹಾಗೆ ಕೇಳಬಾರದು ಎಂದು. ಅವಳು ಹುಟ್ಟಿದಾಗ ಮೊದಲು ಎತ್ತಿಕೊಂಡವನು ನಾನು, ಅವಳಿಗೆ ಕೆಟ್ಟದ್ದು ಬಯಸುತ್ತೇನೆಯೇ?

ಅಕ್ಕಿಯ ಮೂಟೆ ಬಿಚ್ಚಬೇಡ, ವಾಪಸೂ ಕಳಿಸಬೇಡ. ದೀಪಾವಳಿ ಕಳೆಯಲಿ. ಅವರೇ ಬರುತ್ತಾರೆ.

ಧೈರ್ಯವಾಗಿರು ಎಂದು ಹೇಳುವ,
ಮಾದೇವ


ಪೆರಿಕ್ಕಲ್ಲೂರು ಕಡವು
೯ ನವೆಂಬರ್ ೨೦೨೫

ಮಹದೇವ,

ದೀಪಾವಳಿ ಕಳೆಯಿತು. ಬರುವ ವಾರ ಅವರು ತೃಶ್ಶಿಲೇರಿಯಲ್ಲಿ ಒಂದು ಹುಡುಗಿಯನ್ನು ನೋಡಲು ಹೋಗುತ್ತಾರಂತೆ. ದೊಡ್ಡಣ್ಣ ಗೊತ್ತುಮಾಡಿದ್ದು. ಅಯ್ಯಪ್ಪನ್ ಹೇಳಿದ. ನಿನ್ನ ಮೆತ್ತಗಿನ ಆಟಗಾರ ಎಷ್ಟು ಮೆತ್ತಗೆ ಎದ್ದುಹೋಗಿದ್ದಾನೆ ನೋಡು.

ಸೊಸೈಟಿಯಲ್ಲಿ ಸನೀಶ್ ಇವಳನ್ನು ಒಂದು ದಿನ ಕೇಳಿದನಂತೆ, ಮೈಸೂರಿನ ವಿಷಯ ನಿಜವೇ ಎಂದು. ಇವಳು, ನಂಬಿದ್ದೀಯಲ್ಲ, ನಂಬಿಕೊಂಡೇ ಇರು ಎಂದು ಹಾಲಿನ ಕ್ಯಾನು ಕುಕ್ಕಿ ಒಳಗೆ ಬಂದಳಂತೆ. ಹಠಕ್ಕೆ ಇಬ್ಬರೂ ಸಮ. ಇನ್ನೊಮ್ಮೆ ಕರೆದು ನಿಜ ಹೇಳಬಾರದೇ ಎಂದು ನಾನು ಕೇಳಿದೆ. ಅವಳು ಅಂದದ್ದನ್ನು ಹಾಗೇ ಬರೆಯುತ್ತೇನೆ. "ನಮ್ಮನೇಲಿ ಒಂದು ಸುಳ್ಳು ಹೇಳಿ ಆಯ್ತಲ್ಲವ್ವ. ಇನ್ ನಾನ್ ಏನ್ ಹೇಳಿದ್ರೂ ಅದು ಅದ್ರ ಪಕ್ಕಕ್ಕೇ ಹೋಗಿ ಕೂರ್ತದೆ." ಅಳಲಿಲ್ಲ. ಅತ್ತಿದ್ದರೆ ಬೈಯಲಾದರೂ ಬರುತ್ತಿತ್ತು. ಊಟಕ್ಕೆ ಕೂರುತ್ತಾಳೆ, ಅನ್ನ ಕಲಸುತ್ತಾಳೆ, ಏಳುತ್ತಾಳೆ.

ನಿನ್ನ ಪೋಕರಿನಲ್ಲಿ ಒಬ್ಬೊಬ್ಬನೂ ತನಗಾಗಿ ಕೂರುತ್ತಾನಂತಲ್ಲ. ಜೊತೆಗಾರನೇ ಇಲ್ಲ. ಅಲ್ಲಿ ಸುಳ್ಳು ಹೇಳಿದರೆ ಮೋಸ ಹೋಗುವವನು ಎದುರಾಳಿ, ಹೋಗಲಿ ಅನ್ನಬಹುದು. ನಮ್ಮ ಆಟದಲ್ಲಿ ನಿನ್ನ ಸುಳ್ಳನ್ನು ಮೊದಲು ನಂಬುವವಳು ನಾನು. ನಂಬಿ ಕೈಯಲ್ಲಿದ್ದದ್ದನ್ನೆಲ್ಲ ಅದರ ಮೇಲೆ ಸುರಿಯುವವಳೂ ನಾನು. ಇಷ್ಟು ಸಣ್ಣ ವಿಷಯ ನಿನ್ನ ತಲೆಗೆ ಹೋಗದೆ ಶಾಸ್ತ್ರ ಬೇರೆ ಹೇಳುತ್ತೀಯ. ನನಗೆ ಸಾಕಾಗಿ ಹೋಗಿದೆ.

ಚೇಕಾಡಿಗೆ ಹೋಗು. ಹೇಳಿದ ಬಾಯಿ ನಿನ್ನದು, ನೀನೇ ಹೋಗಿ ಅದನ್ನು ವಾಪಸ್ ತೆಗೆದುಕೊ. ತೃಶ್ಶಿಲೇರಿಯವರು ಹೂಂ ಅನ್ನುವ ಮೊದಲು.

ಸರೋಜ


ಬೈರಕುಪ್ಪೆ
೧೪ ನವೆಂಬರ್ ೨೦೨೫

ಅಕ್ಕನಿಗೆ,

ಹೋಗಿದ್ದೆ.

ಶ್ರೀಧರನ್ ಗದ್ದೆಯಲ್ಲಿ ಆನೆಯ ಬೇಲಿಗೆ ತಂತಿ ಬಿಗಿಯುತ್ತಿದ್ದ. ತೆನೆ ಬಗ್ಗಿದೆ, ಈಗ ಒಂದು ರಾತ್ರಿ ಕಣ್ಣು ಮುಚ್ಚಿದರೂ ವರ್ಷದ ಬೆಳೆ ಹೋಗುತ್ತದೆ ಅಂದ. ನಾನೂ ಇನ್ನೊಂದು ತುದಿ ಹಿಡಿದೆ. ತಂತಿ ಹಿಡಿದುಕೊಂಡೇ ಎಲ್ಲ ಹೇಳಿದೆ. ಮೈಸೂರಿನ ಗಂಡು ಇಲ್ಲ, ಯಾವತ್ತೂ ಇರಲಿಲ್ಲ, ನಿಮ್ಮಿಂದ ಬೇಗ ಮಾತು ತೆಗೆಯಲು ನಾನೇ ಕಟ್ಟಿದ್ದು ಎಂದೆ. ಮೊಬೈಲಿನ ಆಟದ ವಿಷಯವನ್ನೂ ಹೇಳಿದೆ. ಅವನು ಕೆಲಸ ನಿಲ್ಲಿಸಿ ಪೂರ್ತಿ ಕೇಳಿದ. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದ. "ಆ ಡಾಕ್ಟ್ರ ಕಡೇರು ಬೇಡ ಅಂದ್ಬಿಟ್ರಾ ಮಾದೇವಣ್ಣ? ಸಾರಮಿಲ್ಲ, ಹೋಗ್ಲಿ ಬಿಡು. ಗೀತಾ ಒಳ್ಳೇ ಕುಟ್ಟಿ, ಬೇರೆ ಸಿಕ್ತದೆ."

ಎಷ್ಟು ಹೇಳಿದರೂ ಅಷ್ಟೇ. ಆಣೆ ಇಡುತ್ತೇನೆಂದೆ, ಬೇಡ ಅಂದ. ನಾನು ಜೋರು ಮಾಡಿದಷ್ಟೂ ಅವನ ಮುಖದಲ್ಲಿ ಕನಿಕರ ಜಾಸ್ತಿಯಾಯಿತು. ಮೈಸೂರಿನವರು ಕೈಕೊಟ್ಟ ಮೇಲೆ ಇವರ ಬಾಗಿಲಿಗೆ ಬಂದಿದ್ದೇವೆ ಎಂದೇ ಅವನು ತಿಳಿದ. ಇರುವ ಎಲೆಯಾದರೆ ಎತ್ತಿ ತೋರಿಸಬಹುದು ಅಕ್ಕ, ಇಲ್ಲದ ಗಂಡನ್ನು ಇಲ್ಲ ಎಂದು ತೋರಿಸುವುದು ಹೇಗೆ? ಕೊನೆಗೆ ಅಮ್ಮಿಣಿ ಕರೆದು ಊಟಕ್ಕೆ ಹಾಕಿದಳು. ತಲೆ ತಗ್ಗಿಸಿ ಉಂಡೆ.

ನೀನು ಹೇಳಿದರೆ ಅವನು ನಂಬುತ್ತಾನೆ. ಅದು ನನಗೆ ಅಲ್ಲಿ ಕೂತಾಗ ತಿಳಿಯಿತು. ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಹೋಗು ಅಕ್ಕ.

ಮಾದೇವ


ಪೆರಿಕ್ಕಲ್ಲೂರು ಕಡವು
೨೪ ನವೆಂಬರ್ ೨೦೨೫

ಚಿ. ಮಹದೇವನಿಗೆ,

ಜನವರಿ ಕೊನೆಗೆ ದಿನ ಗೊತ್ತಾಯಿತು. ಮೊದಲು ಅದನ್ನು ಓದಿಕೊ, ಉಳಿದದ್ದು ಆಮೇಲೆ.

ಅಂಗಡಿ ಮುಚ್ಚಿ ಒಬ್ಬಳೇ ಹೋಗಿದ್ದೆ. ಜಗಲಿಯಲ್ಲಿ ಕೂತು, ಮೈಸೂರಿನ ಗಂಡು ಇಲ್ಲ, ಇರಲಿಲ್ಲ ಎಂದೆ. ಎರಡನೆಯ ಮಾತು ಬೇಕಾಗಲಿಲ್ಲ, ಶ್ರೀಧರನ್ ಸರಿ ಅಂದ. ತೃಶ್ಶಿಲೇರಿಯವರಿಗೆ ಇನ್ನೂ ಏನೂ ಹೇಳಿರಲಿಲ್ಲವಂತೆ, ಸನೀಶ್ ಹುಡುಗಿಯ ಮನೆಯಲ್ಲಿ ಕೊಟ್ಟ ಕಾಪಿಯನ್ನೂ ಮುಟ್ಟದೆ ಬಂದನಂತೆ. ಅಲ್ಲಿಗೆ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಆಗ ಶ್ರೀಧರನ್ ಕೇಳಿದ. "ನಿನ್ನ ತಮ್ಮ ಹೇಳಿದ್ದನ್ನ ನಾನು ಆವತ್ತೇ ನಂಬ್ಲಿಲ್ಲ ಚೇಚಿ. ನೀನು ಸುಮ್ನೆ ನಿಂತಿದ್ದೆ, ಅದನ್ನ ನಂಬ್ದೆ. ನೀನ್ಯಾಕೆ ಸುಮ್ನಿದ್ದೆ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮಿಣಿ ಒಳಗಿನಿಂದ ಬಂದಳು. ಹೆಣ್ಣು ಕೇಳಲು ಬಂದವರ ಮುಂದೆ ಸುಳ್ಳು ಹೇಳುವ ಮಾವ ಚಪ್ಪರದಲ್ಲಿ ನಿಂತು ಧಾರೆ ಎರೆಯುವುದು ತನಗೆ ಒಪ್ಪಿಗೆಯಿಲ್ಲ, ಬೇರೆ ಯಾರನ್ನಾದರೂ ನಿಲ್ಲಿಸಿ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಾನು ಅವಳ ಜಾಗದಲ್ಲಿದ್ದರೂ ಹಾಗೇ ಹೇಳುತ್ತಿದ್ದೆ. ಬೇರೆ ಯಾರನ್ನು ನಿಲ್ಲಿಸಲಿ ಮಹದೇವ? ನನಗೆ ಇರುವವನು ನೀನೊಬ್ಬ. ಅವ್ವ ಹೋದಾಗ ನಿನ್ನನ್ನು ಸೊಂಟದ ಮೇಲೆ ಹೊತ್ತು ಕಬಿನಿ ದಾಟಿದವಳು ನಾನು.

"ಅವ್ನು ತಾನಾಗಿ ಹೇಳಿದ್ದಲ್ಲ. ನಾನೇ ಹೇಳ್ಸಿದ್ದು. ದಿನ ಬೇಗ ಗೊತ್ತಾಗ್ಲಿ ಅಂತ," ಎಂದೆ.

ಇಬ್ಬರೂ ನಂಬಿದರು. ಒಂದು ಪ್ರಶ್ನೆಯನ್ನೂ ಕೇಳದೆ ನಂಬಿದರು. ಅಮ್ಮಿಣಿ ನನ್ನ ಪಕ್ಕ ಬಂದು ಕೂತು, ಗಂಡನಿಲ್ಲದ ಮನೆ, ಹೆತ್ತವಳಿಗೆ ಆತುರ ಇರುತ್ತದೆ ಎಂದಳು. ಶ್ರೀಧರನ್ ಅಂಗಳದ ಕಡೆ ನೋಡುತ್ತ ಕೂತ.

ನಿನ್ನೆ ವಾಯನಶಾಲೆಯಲ್ಲಿ ಆಟವಿತ್ತು. ಕೈಯಲ್ಲಿ ಒಳ್ಳೆಯ ಎಲೆ, ಹದಿನೆಂಟು ಕೂಗಿದೆ. ಶ್ರೀಧರನ್ ಪಾಸ್ ಅನ್ನುವ ಮೊದಲು ತಲೆಯೆತ್ತಿ ನನ್ನ ಮುಖ ನೋಡಿದ. ಒಂದೇ ಗಳಿಗೆ. ಇಷ್ಟು ವರ್ಷದಲ್ಲಿ ಅವನು ಹಾಗೆ ನೋಡಿದವನಲ್ಲ. ನನ್ನ ಹತ್ತಿರ ಇದ್ದದ್ದೇ ಆ ಒಂದು ಹೆಸರು, ಅದನ್ನು ನಿನ್ನ ತಲೆಯ ಮೇಲಿಂದ ನಿವಾಳಿಸಿ ಎಸೆದುಬಿಟ್ಟೆ. ನಿನ್ನ ಮೇಲೆ ನನಗೆ ಎಷ್ಟು ಕೋಪವಿದೆ ಎಂದು ಬರೆಯಲು ಹಾಳೆ ಸಾಲದು. ಬೇರೆ ಯಾರಿಗೂ ನಾನು ಇದನ್ನು ಮಾಡುತ್ತಿರಲಿಲ್ಲ ಎಂಬುದೂ ನಿನಗೆ ಗೊತ್ತಿರಲಿ.

ಮುಹೂರ್ತ ಬೆಳಿಗ್ಗೆ. ಹಿಂದಿನ ದಿನವೇ ಬಾ.

ನಿನ್ನ ಅಕ್ಕ,
ಸರೋಜ


ಬೈರಕುಪ್ಪೆ
೩ ಡಿಸೆಂಬರ್ ೨೦೨೫

ಪೂಜ್ಯ ಅಕ್ಕನಿಗೆ,

ನಿನ್ನನ್ನು ಕೇಳದೆ ಇನ್ನೊಂದು ಕೆಲಸ ಮಾಡಿದೆ. ಬೈಯುವ ಮೊದಲು ಪೂರ್ತಿ ಓದು.

ನಿನ್ನ ಕಾಗದ ಬಂದ ಮೇಲೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಮೊಬೈಲಿನಿಂದ ಆ ಆಟವನ್ನು ತೆಗೆದುಹಾಕಿದೆ, ಅದರಿಂದಲೂ ಏನೂ ಹಗುರಾಗಲಿಲ್ಲ. ಧಾರೆ ಎರೆಯುವ ಕೈ ನನ್ನದಾಗದಿದ್ದರೂ ಪರವಾಗಿಲ್ಲ, ನಿನ್ನ ಹೆಸರು ನಿನಗೆ ವಾಪಸ್ ಬರಲಿ ಎಂದು ಮೊನ್ನೆ ಮತ್ತೆ ಚೇಕಾಡಿಗೆ ಹೋದೆ. ಕಣದಲ್ಲಿ ಭತ್ತ ಬಡಿಯುತ್ತಿದ್ದರು. ಶ್ರೀಧರನನ್ನು ಜಗಲಿಗೆ ಕರೆದು ಹೇಳಿದೆ. ಅಕ್ಕ ಹೇಳಿಸಿದ್ದಲ್ಲ, ಅವಳಿಗೆ ಏನೂ ಗೊತ್ತಿರಲಿಲ್ಲ, ನನ್ನನ್ನು ಉಳಿಸಲು ಹಾಗೆ ಹೇಳಿದ್ದಾಳೆ ಎಂದು.

ಅವನು ನಕ್ಕ. ಬೈದಿದ್ದರೆ ತಡೆಯುತ್ತಿದ್ದೆ. "ಅಕ್ಕನ್ ಮೇಲೆ ಮಾತು ಬರ್ಬಾರ್ದು ಅಂತ ಬಂದಿದ್ದೀಯ. ಒಳ್ಳೇ ತಮ್ಮ. ನಿನ್ ಬಗ್ಗೆ ನಾವು ತಪ್ಪು ತಿಳ್ಕಂಡಿದ್ದೋ," ಎಂದ. ಅಮ್ಮಿಣಿಯನ್ನು ಕೂಗಿ ಕರೆದು ಅವಳಿಗೂ ಹೇಳಿದ. ಅವಳು ನನಗೆ ಚಹಾ ತಂದಳು. ಚಪ್ಪರದಲ್ಲಿ ನಾನೇ ನಿಲ್ಲಬೇಕು ಎಂದಳು.

ನಾನು ಮತ್ತೆ ಹೇಳಲು ಹೊರಟೆ. ಶ್ರೀಧರನ್ ಕೈಯೆತ್ತಿ ತಡೆದ. "ಚೇಚಿ ಅವ್ಳ ಬಾಯಿಂದ್ಲೇ ಒಪ್ಕಂಡಾಯ್ತು. ಒಂದ್ಸಲ ತಪ್ಪಿದ್ಲು, ನಾವು ಕ್ಷಮಿಸಿದ್ದೂ ಆಯ್ತು. ಇನ್ ಅದನ್ನ ಎತ್ಬೇಡ ಮಾದೇವಣ್ಣ."

ಕ್ಷಮಿಸಿದ್ದು ನಿನ್ನನ್ನು, ಅಕ್ಕ. ನಾನು ಅಲ್ಲಿ ಕೂತು, ಅವರು ನಿನ್ನನ್ನು ಕ್ಷಮಿಸುವುದನ್ನು ಕೇಳಿಸಿಕೊಂಡು, ಅವರು ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ನಿನ್ನ ತಮ್ಮ,
ಮಹದೇವ